ಕೊನೆಯ ಮೆಟ್ಟಿಲಿನ ಕೆಳಗೆ

ನಮ್ಮೂರಿನಲ್ಲಿ ಮಗುವಿಗೆ ಐದು ತುಂಬಿದ ದಿನ ನಡುಮನೆಯ ತೊಲೆಯ ಮೇಲೆ ಒಂದು ಎಳ್ಳುಂಡೆ ಇಡುತ್ತಾರೆ. ಮಗು ಕತ್ತೆತ್ತಿ ನೋಡುತ್ತದೆ, ಬಾಯಲ್ಲಿ ನೀರೂರುತ್ತದೆ, ಅಷ್ಟರಲ್ಲಿ ಕಾಲು ನೆಲ ಬಿಟ್ಟಿರುತ್ತದೆ. ತೊಲೆಯನ್ನು ತಬ್ಬಿಕೊಂಡು ಉಂಡೆ ತಿನ್ನುವ ಮಗುವಿಗೆ ಹೆಂಗಸರು ಕೆಳಗಿನಿಂದ ಆರತಿ ಬೆಳಗುತ್ತಾರೆ. ಮಾರನೆಯ ದಿನ ಬೀದಿಯಲ್ಲಿ ಸಿಕ್ಕಿದವರೆಲ್ಲ ಕೇಳುವ ಮಾತು ಒಂದೇ: "ಮಗು ಎದ್ದಿತಾ?"

ನನ್ನ ಮಗಳು ಇಂದ್ರಾಣಿ ಏಳಲಿಲ್ಲ. ಉಂಡೆಯನ್ನು ನೋಡಿದಳು, ಕೈ ಚಾಚಿದಳು, "ಅಮ್ಮಾ, ನಂಗೆ ಎಟುಕ್ತಿಲ್ಲ, ತಕ್ಕೊಡು" ಅಂದಳು. ನಮ್ಮತ್ತೆ "ತಡಿ, ಆಸೆ ಇನ್ನೂ ಹುಟ್ಟಲಿ" ಅಂದರು. ಸಂಜೆಯವರೆಗೂ ತಡೆದೆವು. ಮಗು ಅತ್ತು ಅತ್ತು ನೆಲದ ಮೇಲೇ ನಿದ್ದೆ ಹೋಯಿತು. ಉಂಡೆ ಇರುವೆಗಳ ಪಾಲಾಯಿತು. ಆಮೇಲೆ ಊರಿಗೆ ಊರೇ ವೈದ್ಯನಾಯಿತು. ಮುದ್ದೆ ಬಿಡಿಸಿ ಬರೀ ಗಂಜಿ ಕೊಡು, ಹಗುರಾಗುತ್ತಾಳೆ ಅಂದರು. ಕೊಟ್ಟೆ. ಮಗು ಬಡಕಲಾಯಿತೇ ಹೊರತು ಏಳಲಿಲ್ಲ. ಪಕ್ಕದ ಮನೆಯವಳು ಬಂದು "ಬಸುರೀಲಿ ನೆಲದ ಮೇಲೆ ಮಲಗಿದ್ಯೇನೇ?" ಎಂದು ಕೇಳಿದಳು. "ನಿನ್ನ ಬಸುರೀಲಿ ನಿಮ್ಮವ್ವ ಯಾತರ ಮೇಲೆ ಮಲಗಿದ್ಲು ಕೇಳ್ಕೊಂಡು ಬಾ. ನಾಲಿಗೆ ಇಷ್ಟುದ್ದ ಬಂದದೆ" ಅಂದೆ. ಆಮೇಲೆ ಅವಳು ನಮ್ಮ ಮನೆಗೆ ಬರಲಿಲ್ಲ. ನನಗೂ ಅದೇ ಬೇಕಾಗಿತ್ತು.

ನನ್ನ ಹೆಸರು ಸಾಕಮ್ಮ. ನನ್ನ ಕೆಲಸ ಹೊರೆ ಕಟ್ಟುವುದು. ನಮ್ಮೂರಿನ ಮನೆಗಳು, ಕಚೇರಿ, ಶಾಲೆ ಎಲ್ಲವೂ ಕಂಬಗಳ ಮೇಲಿವೆ. ಏಳುವ ಮನುಷ್ಯ ತನ್ನ ಮೈಯನ್ನಷ್ಟೇ ಏಳಿಸಬಲ್ಲ. ಕಂಕುಳಲ್ಲಿ ಒಂದು ಬಿಂದಿಗೆ ನೀರಿದ್ದರೂ ಮುಗಿಯಿತು, ನೆಲದಲ್ಲೇ ನಿಲ್ಲುತ್ತಾನೆ. ಆದ್ದರಿಂದ ಅಕ್ಕಿ, ಸೌದೆ, ನೀರು, ಇನ್ನೂ ಏಳದ ಕೂಸುಗಳು, ಎಲ್ಲವೂ ಮೇಲಕ್ಕೆ ಹೋಗುವುದು ರಾಟೆಯ ಹಗ್ಗದಲ್ಲಿ. ಮೇಲೆ ನಿಂತು ಎಳೆಯುವವರಿಗೆ ಗೌರವ, ಕೆಳಗೆ ನಿಂತು ಕಟ್ಟುವ ನಮಗೆ ಕೂಲಿ. ನನ್ನ ಗಂಡ ಚೌಡಪ್ಪ ಆ ಹಗ್ಗಕ್ಕೆ ಬುಟ್ಟಿ ಹೆಣೆಯುತ್ತಾನೆ. ಅವನು ಕೈ ಚುರುಕಿನವನು, ಬಾಯಿ ಮಾತ್ರ ಬಹಳ ನಿಧಾನ. ಅವನ ಪಾಲಿನದನ್ನೂ ನಾನೇ ಮಾತಾಡುತ್ತೇನೆ ಎಂದು ಊರವರು ಆಡಿಕೊಳ್ಳುತ್ತಾರೆ. ನಿಜ. ಯಾರಾದರೂ ಮಾತಾಡಬೇಕಲ್ಲ.

ಐದಾದ ಮೇಲೂ ಮಗುವನ್ನು ಕೂಸಿನ ಬುಟ್ಟಿಯಲ್ಲಿ ಏರಿಸಿ ಇಳಿಸುವುದು ಅವಮಾನ ಎಂದು ನಮ್ಮತ್ತೆ ಗೊಣಗತೊಡಗಿದ್ದರಿಂದ, ನಾವು ಮೂವರೂ ಮೇಲಿನ ಮನೆ ಬಿಟ್ಟೆವು. ಅದರ ಕೆಳಗೆ ಕಂಬಗಳ ನಡುವೆ ಮೇಕೆ ಕಟ್ಟುತ್ತಿದ್ದ ಜಾಗಕ್ಕೆ ಚೌಡಪ್ಪ ಬಿದಿರ ತಟ್ಟಿ ಕಟ್ಟಿದ. ಅತ್ತೆ ಮೇಲೆಯೇ ಉಳಿದರು. "ನನ್ನ ಮಗನ್ನ ನೆಲಕ್ಕಿಳಿಸಿದ್ಲು" ಎಂದು ಹಲಗೆಗಳ ಸಂದಿನಿಂದ ದಿನಾ ಕೇಳಿಸುತ್ತಿತ್ತು.

ಶಾಲೆಗೆ ಸೇರಿಸುವ ದಿನ ಇಂದ್ರಿಗೆ ಹೊಸ ಲಂಗ ತೊಡಿಸಿ, ಹೊಸ ಸ್ಲೇಟು ಕೊಟ್ಟು ಕರೆದುಕೊಂಡು ಹೋದೆ. ನಮ್ಮ ಶಾಲೆ ಮೂರಾಳೆತ್ತರದ ಕಂಬಗಳ ಮೇಲಿದೆ. ಬಾಗಿಲ ಮೇಲೆ ದೊಡ್ಡ ಅಕ್ಷರಗಳಲ್ಲಿ ಊರಿನ ಕಟ್ಟಳೆ ಬರೆದಿದೆ: ಊರಿನ ಪ್ರತಿಯೊಂದು ಮಗುವಿಗೂ ಈ ಬಾಗಿಲು ತೆರೆದಿರತಕ್ಕದ್ದು. ನಾನು ಅದೇ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಓದಿದವಳು. ಜಂತಿಗೆ ತಲೆ ತಗಲುವ ಹಾಗೆ ಕೊನೆಯ ಸಾಲಿನಲ್ಲಿ ಕೂತು, ಮುಂದಿನವಳ ಜಡೆ ಎಳೆದು ಏಟು ತಿಂದವಳು. ಇಂದ್ರಿಯನ್ನು ಕೆಳಗೆ ನಿಲ್ಲಿಸಿ ನಾನು ಎದ್ದು ಬಾಗಿಲವರೆಗೆ ಹೋದೆ.

ಹೆಡ್ ಮೇಷ್ಟ್ರು ಪರಶಿವಯ್ಯನವರು ಹೊಸ್ತಿಲಿಗೆ ಬಂದು ಕೆಳಗೆ ಇಣುಕಿದರು. "ಎದ್ದು ಬರಲಿ" ಅಂದರು.

"ಏಳಲ್ಲ ಸಾ ಅವಳು."

"ಹಂಗಾದ್ರೆ ಎದ್ದ ಮೇಲೆ ಕರ್ಕೊಂಡು ಬಾ."

"ಎದ್ದೇಳ್ದೇ ಇದ್ರೆ?"

"ಅದಕ್ಕೆ ನಾನೇನ್ ಮಾಡ್ಲಮ್ಮ?"

ನಾನು ಬಾಗಿಲ ಮೇಲಿನ ಬರಹ ತೋರಿಸಿದೆ. "ಪ್ರತಿಯೊಂದು ಮಗುವಿಗೂ ಅಂತ ಬರ್ದೈತೆ. ಓದಿ."

ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಅವರಿಗೆ ಯಾವತ್ತೂ ಸಿಟ್ಟು ಬರುವುದಿಲ್ಲ, ಅದೇ ನನಗೆ ಸಿಟ್ಟು. ಬಾಗಿಲಿನ ಎರಡೂ ಕದಗಳನ್ನು ಇನ್ನೂ ಅಗಲಕ್ಕೆ ತಳ್ಳಿ, "ಮುಚ್ಚಿದೀವಾ ಸಾಕಮ್ಮ? ನೀನೇ ನೋಡು. ತೆಗೆದೇ ಇದೆ. ನಿನ್ನ ಮಗಳಿಗೂ ತೆಗೆದೇ ಇದೆ" ಅಂದರು. ಕೆಳಗೆ ಇಂದ್ರಿ ಸ್ಲೇಟನ್ನು ತಲೆಯ ಮೇಲೆ ಬಿಸಿಲಿಗೆ ಅಡ್ಡ ಹಿಡಿದು ಕಾಯುತ್ತಿದ್ದಳು.

ನಾನು ಹೊಸ್ತಿಲ ಮೇಲೆಯೇ ಕೂತೆ. ಊಟದ ಹೊತ್ತಾದರೂ ಕದಲಲಿಲ್ಲ. ಕೊನೆಗೆ ಮಗು ಶಾಲೆಯ ಕೆಳಗೆ, ಕಂಬಗಳ ನಡುವೆ ಕೂತು ಪಾಠ ಕೇಳಲಿ, ರೇಣುಕಾ ಮಿಸ್ಸು ಗಟ್ಟಿಯಾಗಿ ಓದುತ್ತಾರೆ ಎಂದು ತೀರ್ಮಾನವಾಯಿತು. ರೇಣುಕಾ ಮಿಸ್ಸು ಆಗಿನ್ನೂ ಕೆಲಸಕ್ಕೆ ಸೇರಿದ್ದ ಹುಡುಗಿ. ಕೆಟ್ಟವಳಲ್ಲ. ಮೇಷ್ಟ್ರ ಮುಖ ನೋಡಿಕೊಂಡೇ ಉಸಿರಾಡುವವಳು, ಅಷ್ಟೆ.

ಎರಡು ವರ್ಷ ನನ್ನ ಮಗಳು ನೆಲದ ಮೇಲೆ ಕೂತು, ತಲೆಯ ಮೇಲಿನ ಹಲಗೆಗಳಿಂದ ಸೋರಿ ಬಂದ ಪಾಠ ಕೇಳಿದಳು. ಮಗ್ಗಿ ಬಾಯಿಗೆ ಬಂತು. ಪದ್ಯಗಳು ಬಂದವು. ಮಳೆಗಾಲದಲ್ಲಿ ಕೆಸರಿನಲ್ಲಿ ಕೂತಳು. ಮೇಕೆ ಅವಳ ಲಂಗದ ಅಂಚು ತಿಂದಿತು. ಮೇಲಿನ ಹುಡುಗರು ಸಂದಿನಿಂದ ಉಗಿದರು; ಅವಳು ಜಾಗ ಬದಲಿಸಿ ಕೂತಳು, ಬಂದು ಹೇಳಲಿಲ್ಲ. ಆದರೆ ಒಂದು ಸಂಜೆ ಸ್ಲೇಟು ಮುಂದಿಟ್ಟುಕೊಂಡು ಕೇಳಿದಳು: "ಅಮ್ಮಾ, ಮಿಸ್ಸು 'ನೋಡಿ, ಹೀಗೆ ಬರೀರಿ' ಅಂತಾರೆ. ಹೀಗೆ ಅಂದ್ರೆ ಹೇಗೆ?"

ಮರಳಿನಲ್ಲಿ ಕಡ್ಡಿ ಹಿಡಿದು ನನಗೆ ಗೊತ್ತಿದ್ದಷ್ಟು ಬರೆಸಿದೆ. ನನಗೆ ತಾಳ್ಮೆ ಇಲ್ಲ. ತಪ್ಪಿದಾಗ ಹೊಡೆದೆ. ಅವಳು ಅತ್ತಳು, ಆಮೇಲೆ ನಾನೂ ಅತ್ತೆ. ಅದನ್ನು ಸ್ಲೇಟಿನಲ್ಲಿ ಬರೆಸಿ ಮೇಷ್ಟ್ರಿಗೆ ತೋರಿಸಿದರೆ, ಮನೆಯಲ್ಲಿ ಕಲಿತದ್ದು ಲೆಕ್ಕಕ್ಕಿಲ್ಲ ಅಂದರು. ನಮ್ಮೂರಿನಲ್ಲಿ ಹತ್ತು ತುಂಬುವುದರೊಳಗೆ ಓದಲು ಬರೆಯಲು ಬಾರದ ಮಗುವಿನ ಹೆಸರನ್ನು ಶಾಲೆಯಿಂದ ತೆಗೆಯುತ್ತಾರೆ. ತೆಗೆದ ಮೇಲೆ ಅಂಥವರಿಗೆ ಇರುವುದು ಒಂದೇ ಕೆಲಸ: ಹಗ್ಗದ ಕೆಳಗೆ ನಿಂತು ಹೊರೆ ಕಟ್ಟುವುದು. ನನ್ನ ಅಂಗೈಯ ಚರ್ಮ ಹಗ್ಗ ತಿಂದು ತಿಂದು ಚಪ್ಪಲಿಯ ಅಟ್ಟೆಯಂತಾಗಿದೆ. ಇಂದ್ರಿಗೆ ಆಗ ಎಂಟು ನಡೆಯುತ್ತಿತ್ತು. ಅವಳ ಅಂಗೈಯನ್ನು ನನ್ನ ಅಂಗೈಯಲ್ಲಿಟ್ಟು ನೋಡಿಕೊಂಡೆ. ಇದು ಬೇಡ ಅಂದುಕೊಂಡೆ. ಏನಾದರೂ ಆಗಲಿ, ಈ ಕೈಗೆ ಹಗ್ಗ ಬೇಡ.

ಮತ್ತೆ ಹೋಗಿ ಹೊಸ್ತಿಲಲ್ಲಿ ಕೂತೆ. ಈ ಸಲ ಮೇಷ್ಟ್ರು ಹೇಳಿದ್ದು: "ಅಕ್ಕಿ ಬರೋ ಬುಟ್ಟೀಲೇ ಬರಲಿ ಬಿಡು. ಅಡುಗೆ ರಂಗಣ್ಣ ಹೆಂಗೂ ಎಳೀತಾನೆ."

ಕೂಸಿನ ಬುಟ್ಟಿ ಬೇಡವೆಂದು ಮನೆಯನ್ನೇ ಬಿಟ್ಟು ಬಂದವಳಿಗೆ ಅಕ್ಕಿಯ ಬುಟ್ಟಿ! ಬೇಡ ಅನ್ನಬೇಕಾಗಿತ್ತು. ಚೌಡಪ್ಪ ಮಾತ್ರ, "ನಾನೇ ಒಂದು ಹೊಸದು ಹೆಣೀತೀನಿ, ಒಳಗೆ ಕೂರಕ್ಕೆ ಹಲಗೆ ಹಾಕ್ತೀನಿ" ಎಂದು ಎರಡು ಮಾತು ಒಟ್ಟಿಗೇ ಆಡಿದ. ಅಷ್ಟು ಮಾತಾಡಿದವನಿಗೆ ಹೇಗೆ ಬೇಡ ಅನ್ನಲಿ? ಎಳೆ ಬಿದಿರಿನಲ್ಲಿ, ಅಂಚಿಗೆ ಕೆಂಪು ಬಣ್ಣದ ಪಟ್ಟಿ ಹಾಕಿ, ಮದುವೆಯ ಬುಟ್ಟಿಯ ಹಾಗೆ ಹೆಣೆದ.

ಮೊದಲ ದಿನ ನಾನೇ ಗಂಟು ಹಾಕಿದೆ. ರಂಗಣ್ಣ ಎಳೆದ. ಮೇಲೆ ಮಕ್ಕಳು ಕಿಟಕಿಗೆ ಮುಗಿಬಿದ್ದು "ಅಕ್ಕಿ ಬಂತು, ಅಕ್ಕಿ ಬಂತು" ಎಂದು ಕೂಗಿದರು. ಇಂದ್ರಿ ನಕ್ಕಳು ಎಂದೇ ನನ್ನ ನೆನಪು. ನನಗೆ ಪೇಟೆಯಲ್ಲಿ ಹೊರೆ ಕಾದಿತ್ತು, ಹೊರಟೆ. ಬುಟ್ಟಿ ಅರ್ಧಕ್ಕೆ ಬಂದಾಗ ಒಲೆಯ ಮೇಲೆ ಸಾರು ಉಕ್ಕಿತಂತೆ. ರಂಗಣ್ಣ ಹಗ್ಗವನ್ನು ಗೂಟಕ್ಕೆ ಸುತ್ತಿ ಒಳಗೆ ಹೋದ. ಹೋದವನು ಮರೆತ. ಮಧ್ಯಾಹ್ನ ನಾನು ಊಟದ ಅಕ್ಕಿ ಕಟ್ಟಲು ವಾಪಸು ಬಂದಾಗ ನನ್ನ ಮಗಳು ಇನ್ನೂ ನೆಲಕ್ಕೂ ಶಾಲೆಗೂ ನಡುವೆ ತೂಗುತ್ತಿದ್ದಳು. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ಬುಟ್ಟಿಯ ತಳದಿಂದ ಉಚ್ಚೆ ತೊಟ್ಟಿಕ್ಕುತ್ತಿತ್ತು. ಅವಳ ತರಗತಿಯ ಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಗುತ್ತಿರಲಿಲ್ಲ. ಅದು ನಗುವುದಕ್ಕಿಂತ ಕೆಟ್ಟದಾಗಿತ್ತು.

ರಂಗಣ್ಣನಿಗೆ ನಾನು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಚೌಡಪ್ಪ ಏನೂ ಬೈಯಲಿಲ್ಲ. ಬುಟ್ಟಿಯನ್ನು ಮನೆಗೆ ತಂದು ಅಂಗಳದಲ್ಲಿಟ್ಟು ಮಚ್ಚಿನಿಂದ ಚೂರು ಚೂರು ಮಾಡಿದ. ಮಾರನೆಯ ದಿನ ದಪ್ಪ ಬಿದಿರು ತಂದು ಏಣಿ ಕಟ್ಟಿದ. ಇಡೀ ಊರಿನಲ್ಲಿ ಅದೊಂದೇ ಏಣಿ. ಅದನ್ನು ಶಾಲೆಯ ಬಾಗಿಲಿಗೆ ಆನಿಸಿ, ತಾನೇ ಒಂದು ಸಲ ಹತ್ತಿ ಇಳಿದು ನೋಡಿದ. ಏಳಬಲ್ಲ ಮನುಷ್ಯ ಹಾಗೆ ಒಂದೊಂದೇ ಕಾಲಿಟ್ಟು ಹತ್ತುವುದನ್ನು ನೋಡಿ ಪೇಟೆಯವರೆಲ್ಲ ಬಿದ್ದು ಬಿದ್ದು ನಕ್ಕರು.

ಮೇಷ್ಟ್ರು ಬಂದರು. "ಇದನ್ನ ತೆಗಿ ಚೌಡಪ್ಪ. ಕಳ್ಳರು ಹತ್ತಿದ್ರೆ ಯಾರು ಜವಾಬ್ದಾರಿ?"

"ಕಳ್ಳರಿಗೆ ಏಣಿ ಯಾಕೆ ಸಾ? ಎದ್ದು ಬರಲ್ವಾ?" ಅಂದೆ.

"ಹೋಗ್ಲಿ, ಮಗು ಬಿದ್ರೆ? ಇದು ಶಾಲೆ ಕೊಟ್ಟ ಸಾಮಾನಲ್ಲ. ಶಾಲೆ ಕೊಡದ ಸಾಮಾನನ್ನ ಶಾಲೆಗೆ ಆನಿಸೋ ಹಂಗಿಲ್ಲ."

"ಹಂಗಾದ್ರೆ ಶಾಲೇನೇ ಮೆಟ್ಟಿಲು ಕಟ್ಟಿಸ್ಲಿ."

"ಅದನ್ನ ಪಂಚಾಯ್ತಿ ಹೇಳ್ಬೇಕು" ಎಂದು ಏಣಿಯನ್ನು ಮೇಲಕ್ಕೆ ಎಳೆಸಿಕೊಂಡರು. ಒಂದು ವಾರದ ಮೇಲೆ ನೋಡಿದರೆ ಅಡುಗೆಮನೆಯ ಹಿಂದೆ ಅದರ ಮೇಲೆ ಹಾಗಲ ಬಳ್ಳಿ ಹಬ್ಬಿಸಿದ್ದರು.

ಪಂಚಾಯ್ತಿ ಕಚೇರಿ ಶಾಲೆಗಿಂತಲೂ ಎತ್ತರ. ನಾನೂ ಚೌಡಪ್ಪನೂ ಇಂದ್ರಿಯನ್ನು ಕೆಳಗೆ ಅರಳಿಮರದ ಬುಡದಲ್ಲಿ ಕೂರಿಸಿ ಮೇಲೆ ಹೋದೆವು. ಅಧ್ಯಕ್ಷರು ನಾಗಭೂಷಣಪ್ಪನವರು ಎಲೆ ಅಡಿಕೆ ಹಾಕಿಕೊಂಡು ಎಲ್ಲವನ್ನೂ ಕೇಳಿದರು. "ಮಗು ಎಲ್ಲಿ?" ಅಂದರು.

"ಕೆಳಗೈತೆ."

"ಮಗೂನ ನೋಡ್ದೆ ಹೆಂಗಮ್ಮ ತೀರ್ಮಾನ ಮಾಡೋದು? ಮೇಲೆ ಕರ್ಕೊಂಡು ಬಾ."

ನಾನು ಚೌಡಪ್ಪನ ಮುಖ ನೋಡಿದೆ. ಅವನು ನನ್ನ ತೋಳು ಹಿಡಿದುಕೊಂಡ, ನಾನೆಲ್ಲಿ ಅಧ್ಯಕ್ಷರ ಎಲೆತಟ್ಟೆ ಎತ್ತಿ ಎಸೆಯುತ್ತೇನೋ ಎಂದು. "ಅಯ್ಯಾ" ಅಂದೆ, "ಮೇಲೆ ಬರಕ್ಕಾಗಲ್ಲ ಅಂತಾನೇ ನಾವು ಬಂದಿರೋದು."

ಅಧ್ಯಕ್ಷರು ಕಿಟಕಿಗೆ ಹೋಗಿ ಕೆಳಗೆ ಬಗ್ಗಿ ನೋಡಿದರು. ಇಂದ್ರಿ ಮೇಲೆ ನೋಡಿ ಕೈ ಮುಗಿದಳು. ನಾನು ಹೇಳಿಕೊಟ್ಟಿದ್ದೆ. "ಚೆನ್ನಾಗೇ ಇದ್ದಾಳಲ್ಲಮ್ಮ ಹುಡುಗಿ" ಎಂದು ವಾಪಸು ಬಂದು ಕೂತರು. "ಕೈ ಕಾಲು ಎಲ್ಲಾ ಸರಿಗಿದೆ. ನಿಧಾನವಾಗಿ ಏಳ್ತಾಳೆ. ಒಂದು ಮಗೂಗೋಸ್ಕರ ಇಡೀ ಶಾಲೆ ಬದಲಾಯಿಸು ಅಂದ್ರೆ ಹೆಂಗೆ? ಮಿಕ್ಕ ಮಕ್ಕಳು ಏನ್ ಪಾಪ ಮಾಡಿದ್ದಾವೆ?"

"ಮಿಕ್ಕ ಮಕ್ಕಳಿಗೆ ಮೆಟ್ಟಿಲಿಂದ ಏನು ಕಷ್ಟ?"

"ಅಭ್ಯಾಸ ಕೆಡ್ತದೆ. ಮೆಟ್ಟಿಲಿದ್ರೆ ಯಾರು ಏಳ್ತಾರೆ?"

ಆ ಮಾತಿಗೆ ಕೂತವರೆಲ್ಲ ತಲೆಯಾಡಿಸಿದರು. ನಾವು ಇಳಿದು ಬಂದೆವು. ಇಂದ್ರಿ, "ಏನಂದ್ರು?" ಎಂದು ಕೇಳಿದಳು. ಚೆನ್ನಾಗಿದ್ದೀಯಂತೆ ಅಂದೆ.

ಆ ದಿನ ನನಗೆ ಒಂದು ವಿಷಯ ಹೊಳೆಯಿತು. ಬಾಗಿಲಲ್ಲಿ ಕೂತರೆ ನಾನು ಅವರಿಗೆ ಬಾಗಿಲಲ್ಲಿ ಕೂತ ಹೆಂಗಸು, ಅಷ್ಟೆ. ದಾಟಿಕೊಂಡು ಹೋಗುತ್ತಾರೆ. ಆದರೆ ಹಗ್ಗದ ಕೆಳಗಿನ ತುದಿ ನನ್ನ ಕೈಯಲ್ಲಿದೆ. ನಾನು ಗಂಟು ಹಾಕದಿದ್ದರೆ ಮೇಲಿರುವವರ ಬಾಯಿಗೆ ಒಂದು ತುತ್ತು ಹೋಗದು.

ಹೊರೆ ಕಟ್ಟುವ ಹೆಂಗಸರಲ್ಲಿ ದ್ಯಾವಮ್ಮ ಹಿರಿಯಳು. ಅವಳಿಗೆ ಹೇಳಿದೆ. ಅವಳು ಹೊಗೆಸೊಪ್ಪು ಉಗಿದು, "ನಿನ್ನ ಮಗಳಿಗೋಸ್ಕರ ನಾವ್ಯಾಕೆ ಕೂಲಿ ಕಳ್ಕೋಬೇಕೇ?" ಅಂದಳು. ಆಮೇಲೆ ತನ್ನ ಕೈ ನೋಡಿಕೊಂಡಳು. ಬಲಗೈಯ ಎರಡು ಬೆರಳು ಮಡಚಿದ್ದು ಮಡಚಿದ ಹಾಗೇ ನಿಂತಿವೆ. "ಒಂದು ದಿನ. ಒಂದೇ ದಿನ ನೋಡು. ಆಮೇಲೆ ನನ್ನ ಕರೀಬೇಡ."

ಆ ಒಂದು ದಿನ ಊರಿನಲ್ಲಿ ಯಾವ ಹಗ್ಗವೂ ಭಾರ ಹೊತ್ತು ಏರಲಿಲ್ಲ. ಬೆಳಿಗ್ಗೆ ಮೇಲಿನವರು ಕೂಗಿದರು, ಬೈದರು. ಕೆಲವರು ತಾವೇ ಇಳಿದು ಬಂದು ಗಂಟು ಹಾಕಿದರು. ಗಂಟು ಬಿಚ್ಚಿಕೊಂಡು ಮೂಟೆ ಬಿದ್ದು ಬೀದಿಯೆಲ್ಲ ರಾಗಿಯಾಯಿತು. ಕೋಳಿಗಳಿಗೆ ಹಬ್ಬ. ಮಧ್ಯಾಹ್ನ ಶಾಲೆಯಲ್ಲಿ ಊಟವಿಲ್ಲದೆ ಮಕ್ಕಳು ಅಳುವುದು ಪೇಟೆಗೆಲ್ಲ ಕೇಳಿಸಿತು. ನನಗೂ ಕೇಳಿಸಿತು. ಆದರೆ ನನ್ನ ಮಗಳು ಬುಟ್ಟಿಯಲ್ಲಿ ಕೂಗಿದ್ದು ಯಾರಿಗೆ ಕೇಳಿಸಿತ್ತು?

ಬಿಸಿಲು ಇಳಿಯುವ ಹೊತ್ತಿಗೆ ಅಧ್ಯಕ್ಷರೇ ಕೆಳಗೆ ಬಂದರು. ಅವರು ನೆಲದ ಮೇಲೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಚಪ್ಪಲಿ ಹಳೆಯದು, ಅಟ್ಟೆ ಮಾತ್ರ ಅಂಗಡಿಯಿಂದ ತಂದ ಹಾಗೇ ಇತ್ತು. "ಕಟ್ಟಿಸ್ತೀವಿ" ಅಂದರು. "ಶಾಲೆಗೆ ಮೆಟ್ಟಿಲು ಕಟ್ಟಿಸ್ತೀವಿ. ಇದೇ ಕೊನೆ ಸಾಕಮ್ಮ. ಇನ್ನೊಂದು ಸಲ ಅದು ಬೇಕು, ಇದು ಬೇಕು ಅಂತ ಬಂದ್ರೆ ನಾನು ಕೇಳಲ್ಲ." ಸುತ್ತ ನಿಂತ ಹೆಂಗಸರ ಅಂದಿನ ಕೂಲಿ ಹೋಯಿತು. ಅವರು ನನ್ನ ಕಡೆ ನೋಡದೆ ಹೋದರು.

ಕೆಲಸ ಸಿಕ್ಕಿದ್ದು ಜವರಪ್ಪ ಮೇಸ್ತ್ರಿಗೆ. ಊರಿನ ಅರ್ಧ ಮನೆಗಳು ಅವನು ಕಟ್ಟಿದವೇ. ಮೆಟ್ಟಿಲು ಮಾತ್ರ ಕಟ್ಟಿದವನಲ್ಲ, ಹತ್ತಿದವನೂ ಅಲ್ಲ. ಊರಿನಲ್ಲಿ ಮೆಟ್ಟಿಲಿರುವುದು ಹಳೆಯ ಕಲ್ಯಾಣಿಯಲ್ಲಿ ಮಾತ್ರ, ನೀರಿಗೆ ಇಳಿಯುವ ಕಲ್ಲಿನ ಸಾಲು. ಮೇಕೆ ಬಿಟ್ಟರೆ ಇನ್ಯಾರೂ ಅದನ್ನು ತುಳಿಯುವುದಿಲ್ಲ. ಜವರಪ್ಪ ಒಂದು ಬೆಳಿಗ್ಗೆಯೆಲ್ಲ ಕಲ್ಯಾಣಿಯ ದಡದಲ್ಲಿ ಕೂತು ನೋಡಿಕೊಂಡು ಬಂದ. ಶಾಲೆಯ ಹೊಸ್ತಿಲಿಗೆ ತೊಲೆ ಸೇರಿಸಿ, ಕಬ್ಬಿಣದ ಪಟ್ಟಿ ಬಿಗಿದು, ಹಲಗೆ ಜೋಡಿಸುತ್ತ ಬಂದ. ಒಳ್ಳೆಯ ಮರ, ನುಣ್ಣಗೆ ಕೀಸಿದ್ದು. ಅದು ಮೇಲಿನಿಂದ ದಿನದಿನವೂ ಇಳಿಯುತ್ತ ಬಂತು. ಇಂದ್ರಿ ಕೆಳಗೆ ಕೂತು ಪಾಠ ಕೇಳುವುದನ್ನೂ ಬಿಟ್ಟು ಅದನ್ನೇ ನೋಡುತ್ತಿದ್ದಳು. "ಇವತ್ತು ಇನ್ನೆರಡು ಬಂತಮ್ಮ" ಎಂದು ಮನೆಗೆ ಬಂದು ಹೇಳುತ್ತಿದ್ದಳು.

ಒಂದು ದಿನ ಅದು ಇಳಿಯುವುದು ನಿಂತಿತು. ಕೊನೆಯ ಹಲಗೆ ನನ್ನ ತಲೆಗಿಂತ ಒಂದು ಗೇಣು ಮೇಲಿತ್ತು. ನಾಳೆ ಮುಗಿಸುತ್ತಾರೆ ಅಂದುಕೊಂಡೆ. ನಾಳೆ ಬಂದು ನೋಡಿದರೆ ಅದಕ್ಕೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದರು.

ಊರೆಲ್ಲ ಸೇರಿತ್ತು. ಅಧ್ಯಕ್ಷರು ಮೇಲೆ ಹೊಸ್ತಿಲಲ್ಲಿ ಟೇಪು ಕತ್ತರಿಸಿ, ಯಾವ ಮಗುವೂ ಹೊರಗುಳಿಯಬಾರದು ಎಂದು ಭಾಷಣ ಮಾಡಿದರು. ಮೇಷ್ಟ್ರು ನನ್ನ ಹೆಸರು ಹಿಡಿದು ಹೊಗಳಿದರು. ಆಮೇಲೆ ಎಲ್ಲರೂ ಕೆಳಗೆ ನೋಡಿದರು. ಇಂದ್ರಿ ಹೊಸ ಲಂಗದಲ್ಲಿ, ಕೊನೆಯ ಮೆಟ್ಟಿಲಿನ ಕೆಳಗೆ ನಿಂತು ಅದನ್ನು ನೋಡುತ್ತಿದ್ದಳು. ಐದು ತುಂಬಿದ ದಿನ ಎಳ್ಳುಂಡೆಯನ್ನು ಹಾಗೇ ನೋಡಿದ್ದಳು.

"ಜವರಪ್ಪಾ" ಅಂದೆ, "ಮಿಕ್ಕಿದ್ದು ಯಾವಾಗ?"

"ಮಿಕ್ಕಿದ್ದು ಯಾವುದಕ್ಕಾ?" ಅಂದ. ಅವನ ಮುಖದಲ್ಲಿ ಕಪಟವಿರಲಿಲ್ಲ. ಅಳತೆ ತಪ್ಪಿದವನ ಗಾಬರಿಯೂ ಇರಲಿಲ್ಲ.

"ಕೊನೆ ಮೆಟ್ಟಿಲು ನೆಲ ಮುಟ್ಟಿಲ್ವಲ್ಲೋ."

"ನೆಲ ಯಾಕೆ ಮುಟ್ಟಬೇಕು? ಕಲ್ಯಾಣೀಲಿ ಕೊನೆ ಮೆಟ್ಟಿಲು ನೀರೊಳಗೆ ಎಲ್ಲಿಗೆ ಮುಟ್ತದೆ, ಯಾರು ನೋಡಿದಾರೆ?" ಅಂದ. ತನ್ನ ಕೈಯನ್ನೆತ್ತಿ ನೆಲಕ್ಕೂ ಹಲಗೆಗೂ ನಡುವಿನ ಎಡೆಯನ್ನು ತೋರಿಸಿ, "ಮೂರಾಳು ಎತ್ತರ ಇತ್ತು. ಅಷ್ಟೂ ಇಳಿಸಿ ಇಷ್ಟಕ್ಕೆ ತಂದಿದೀನಿ. ಇಷ್ಟು ಎದ್ರೆ ಆಯ್ತು. ಇಷ್ಟೂ ಏಳಲ್ವಾ?"

ಮೇಲಿನಿಂದ ಮೇಷ್ಟ್ರ ದನಿ ಬಂತು, ಸಿಟ್ಟಿಲ್ಲದ ಅದೇ ದನಿ. "ಸಾಕಮ್ಮ, ಊರು ಇಷ್ಟು ಮಾಡಿದೆ. ಇನ್ನು ಸ್ವಲ್ಪ ಮಗೂನೂ ಪ್ರಯತ್ನ ಪಡ್ಬೇಕಲ್ವಾ?"

ನನ್ನ ಬಾಯಿಗೆ ಬಂದದ್ದನ್ನೆಲ್ಲ ನಾನು ನುಂಗಿದೆ. ಜೀವನದಲ್ಲಿ ಹಾಗೆ ನುಂಗಿದ್ದು ಅದೊಂದೇ ಸಲ. ಯಾಕೆಂದರೆ ಇಂದ್ರಿ ನನ್ನ ಸೆರಗು ಎಳೆದು, "ಅಮ್ಮಾ, ಬೈಬೇಡ. ನೀನು ಬಗ್ಗು, ನಾನು ಹತ್ತೀನಿ" ಅಂದಳು. ಬಗ್ಗಿದೆ. ನನ್ನ ಹೆಗಲ ಮೇಲೆ ನಿಂತಳು. ಚೌಡಪ್ಪ ಅವಳ ಕಾಲು ಹಿಡಿದುಕೊಂಡ. ಹಲಗೆಯ ಮೇಲೆ ಹೊಟ್ಟೆ ಎಳೆದುಕೊಂಡು ಹತ್ತಿ, ಲಂಗ ಕೊಡವಿ, ಒಂದೊಂದೇ ಮೆಟ್ಟಿಲು ಏರಿ, ಹಾರದ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋದಳು. ಜನ ಚಪ್ಪಾಳೆ ತಟ್ಟಿದರು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಯಾರೋ ನನಗೆ ಮೈಸೂರುಪಾಕು ಕೊಟ್ಟರು. ಅದನ್ನು ಅಲ್ಲೇ ನಿಂತ ಮೇಕೆಗೆ ಹಾಕಿದೆ.

ಆ ದಿನವೆಲ್ಲ ನಾನು ಪೇಟೆಗೆ ಹೋಗಲಿಲ್ಲ. ಮೆಟ್ಟಿಲಿನ ಕೆಳಗೇ ಕೂತಿದ್ದೆ. ತಲೆಯ ಮೇಲೆ ಹಲಗೆಗಳು ಕಿರುಗುಟ್ಟಿದಾಗಲೆಲ್ಲ ಅವಳೇ ಅಂದುಕೊಂಡೆ. ನೆಲದ ಮೇಲೆ ನಡೆಯುವ ಕಾಲು ಆ ಶಾಲೆಯಲ್ಲಿ ಇನ್ಯಾರದಿದೆ? ಕೆಳಗಿನ ಮೆಟ್ಟಿಲಿನ ಮಾತು ಹಾಗಿರಲಿ, ದಿನಾ ಎರಡು ಹೊತ್ತು ಬಂದು ನಾನೇ ಮೆಟ್ಟಿಲಾಗುತ್ತೇನೆ, ಅಕ್ಷರ ಕಲಿತರೆ ಸಾಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮೇಷ್ಟ್ರಿಗೆ ಬೇಕಾಗಿದ್ದೂ ಅದೇ. ಗೊತ್ತಿತ್ತು. ಗೊತ್ತಿದ್ದೂ ಹೇಳಿಕೊಂಡೆ.

ಶಾಲೆ ಬಿಟ್ಟಿತು. ಮಕ್ಕಳು ಬಾಗಿಲಿನಿಂದ ಗುಬ್ಬಿಗಳ ಹಾಗೆ ಹಾರಿ ಇಳಿದವು. ಕಡೆಗೆ ಇಂದ್ರಿ ಕಾಣಿಸಿಕೊಂಡಳು, ಸ್ಲೇಟು ಎದೆಗೆ ಅವಚಿಕೊಂಡು. ಕೊನೆಯ ಹಲಗೆಯ ಮೇಲೆ ಕೂತು ಕಾಲು ಇಳಿಬಿಟ್ಟಳು. ನಾನು ಹೆಗಲು ಕೊಟ್ಟೆ.

"ಏನ್ ಕಲ್ತೆ? ತೋರ್ಸು" ಅಂದೆ.

ಸ್ಲೇಟು ಖಾಲಿಯಿತ್ತು.

"ಬೋರ್ಡ್ ಮೇಲೆ ಏನೂ ಬರೀಲಿಲ್ವಾ ಮಿಸ್ಸು?"

"ಬರೆದ್ರು. ಕಾಣಿಸ್ಲಿಲ್ಲ."

"ಮತ್ತೇನ್ ಕಾಣಿಸ್ತು?"

"ಅಂಗಾಲು" ಅಂದಳು. "ಎಲ್ಲಾರ ಅಂಗಾಲು. ಚೆನ್ನಮ್ಮನ ಕಾಲಲ್ಲಿ ಒಂದು ಮುಳ್ಳೈತೆ, ಅವಳಿಗೇ ಗೊತ್ತಿಲ್ಲ."

ನಾನು ಹಾಗೇ ನಿಂತೆ. ಮಗಳು ಹೆಗಲ ಮೇಲೆ, ಕೈ ಅವಳ ಕಾಲ ಮೇಲೆ. ನಮ್ಮ ಶಾಲೆಯಲ್ಲಿ ಮಕ್ಕಳು ಗಾಳಿಯಲ್ಲಿ ಸಾಲು ಸಾಲಾಗಿ ಕೂರುತ್ತಾರೆ, ಚಿಕ್ಕವರು ಕೆಳಗೆ, ದೊಡ್ಡವರು ಮೇಲೆ. ಬೋರ್ಡನ್ನು ಜಂತಿಗೆ ತೂಗುಹಾಕಿದೆ. ನಾನೂ ಅಲ್ಲಿ ಕೂತು ಓದಿದವಳೇ. ಆ ಬೋರ್ಡು ಎಷ್ಟು ಎತ್ತರದಲ್ಲಿದೆ ಎಂದು ನನಗೆ ಒಂದು ದಿನವಾದರೂ ಹೊಳೆಯಿತೇ? ಜವರಪ್ಪನಿಗೆ ಬೈಯಲು ಹೊರಟ ಬಾಯಿ ನನ್ನದು. ಮಗಳಿಗಾಗಿ ಮೇಕೆಯ ಜಾಗದಲ್ಲಿ ಸಂಸಾರ ಹೂಡಿದ ನಾನೂ ಶಾಲೆಯನ್ನು ಮಾತ್ರ ಮೇಲಿನಿಂದಲೇ ನೋಡಿದ್ದೆ. ಇಷ್ಟು ಕಾಲ ಜಗಳವಾಡಿ, ಮಗಳನ್ನು ಒಂದು ನೆಲದಿಂದ ಇನ್ನೊಂದು ನೆಲಕ್ಕೆ ಏರಿಸಿದ್ದೆ, ಅಷ್ಟೆ.

"ಮಿಸ್ಸು ಏನಂದ್ರು?"

"ನೀನು ಕೇಳಿಸ್ಕೊಂಡ್ರೆ ಸಾಕು ಅಂದ್ರು."

ಅವಳನ್ನು ಹೆಗಲಿನಿಂದ ಇಳಿಸದೆ ಮನೆಯವರೆಗೂ ಹೊತ್ತುಕೊಂಡು ಹೋದೆ. ಎಂಟು ವರ್ಷದ ಮಗು ಭಾರವೇ. ಊರು ಹೇಳುವ ಹಾಗಿನ ಭಾರವಲ್ಲ, ಎಲ್ಲ ಮಕ್ಕಳೂ ಇರುವಷ್ಟೇ.

ಅದು ನಿನ್ನೆಯ ಮಾತು. ಈ ದಿನ ಬೆಳಿಗ್ಗೆ ಶಾಲೆಯ ಅಕ್ಕಿ ಬಂತು. ರಂಗಣ್ಣ ಹಗ್ಗ ಇಳಿಬಿಟ್ಟ. ನಾನು ಗಂಟು ಹಾಕಲಿಲ್ಲ. ಮೂಟೆಯನ್ನು ಮೆಟ್ಟಿಲಿನ ಕೆಳಗೆ ಎಳೆದು ಹಾಕಿ, ಅದರ ಮೇಲೆ ಕೂತೆ. ದ್ಯಾವಮ್ಮ ದೂರದಿಂದ ನೋಡಿದಳು. ಒಂದೇ ದಿನ ಅಂದಿದ್ದಳು, ಕರೆಯುವಂತಿರಲಿಲ್ಲ. ಕರೆಯಲಿಲ್ಲ. ಬೇರೆ ಯಾರಾದರೂ ಬಂದು ಕಟ್ಟಬಹುದು. ಮೂಟೆಯ ಜೊತೆಗೆ ನನ್ನನ್ನೂ ಕಟ್ಟಬೇಕಾಗುತ್ತದೆ. ಚೌಡಪ್ಪ ಬಂದು ಪಕ್ಕದಲ್ಲಿ ಕೂತ. ಇಂದ್ರಿ ಅವನ ತೊಡೆಯ ಮೇಲೆ.

ಮೊದಲು ರಂಗಣ್ಣ ಕೂಗಿದ. ಆಮೇಲೆ ಮೇಷ್ಟ್ರು ಬಾಗಿಲಿಗೆ ಬಂದರು. ಅವರು ಮೆಟ್ಟಿಲಿನಲ್ಲಿ ಬರಲಿಲ್ಲ, ಅದರ ಪಕ್ಕದಲ್ಲಿ ತೇಲಿಕೊಂಡು ಇಳಿದು, ನೆಲಕ್ಕೆ ಒಂದು ಮೊಳ ಇರುವಾಗ ನಿಂತರು.

"ಮೆಟ್ಟಿಲು ಕೊಟ್ಟಾಯ್ತಲ್ಲಮ್ಮ. ಈಗ ಇನ್ನೇನು?"

"ಬೋರ್ಡ್ ಇಳ್ಸಿ."

"ಬೋರ್ಡಾ? ಎಲ್ಲೀವರೆಗೆ ಇಳ್ಸೋದು?"

"ಇವಳ ಕಣ್ಣಿನವರೆಗೆ."

ಮೇಷ್ಟ್ರು ಇಂದ್ರಿಯ ಕಣ್ಣು ಎಲ್ಲಿದೆ ಎಂದು ಮೊದಲ ಸಲ ಬಗ್ಗಿ ನೋಡಿದರು. "ಅಷ್ಟು ಕೆಳಗೆ ಇಳಿಸಿದ್ರೆ ಮಿಕ್ಕ ಮಕ್ಕಳು ಹೆಂಗೆ ನೋಡ್ತಾವೆ?"

"ನೆಲದ ಮೇಲೆ ಕೂತ್ಕೊಂಡು" ಅಂದೆ.

ನಾನು ಕೆಟ್ಟ ಮಾತೊಂದನ್ನು ಆಡಿದೆ ಎನ್ನುವ ಹಾಗೆ ಅವರ ಮುಖ ಕೆಂಪಾಯಿತು. ಇಷ್ಟು ವರ್ಷಕ್ಕೆ ಕಡೆಗೂ ಆ ಮನುಷ್ಯನಿಗೆ ಸಿಟ್ಟು ಬಂತು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ತೆರೆದಿರತಕ್ಕದ್ದು ಎಂಬ ಬರಹದ ಕೆಳಗೆ ಆ ಬಾಗಿಲು ಮುಚ್ಚಿದ್ದನ್ನು ಊರು ಇವತ್ತು ನೋಡುತ್ತಿದೆ. ಮೇಲೆ ಮಕ್ಕಳು ಹಸಿವಿಗೆ ಅಳಲು ಶುರುಮಾಡಿವೆ. ಮೂಟೆ ನೆಲದ ಮೇಲಿದೆ. ನಾನು ಅದರ ಮೇಲಿದ್ದೇನೆ.